ಚಿಲ್ಲರೆ ಮಂತ್ರದ ಲೆಕ್ಕ

(ಶಿರಸಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ಖುಷಿಯಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ‘ಆಟ’ ಅಂದರೆ ಯಕ್ಷಗಾನ. ಬಾಗಿಲ ಹತ್ತಿರ ಕುಳಿತ ಹಿರಿಯರೊಬ್ಬರು ಆಗಲೇ ‘ಯಾವ ಮೇಳ?’ ಅಂತ ಕೇಳಿದರು. ಮೇಳ ಇಲ್ಲ, ಚಂಡೆಯೂ ಇಲ್ಲ. ಇದು ಮೇಜಿನ ಸುತ್ತ ಕುಳಿತು ಆಡುವ ಆಟ. ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿಯುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಮಾಡಹೊರಟ ಕೆಲಸ ಆಯಿತೋ ಇಲ್ಲವೋ, ದಾಳ ಹೇಳುತ್ತದೆ. ಕಥೆ ನಡೆಸುವವನಿಗೆ ಡಿಎಂ, ಅಂದರೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ಭಾಗವತರ ಕೆಲಸವೇ, ಪದ್ಯ ಒಂದಿಲ್ಲ. ನಮ್ಮ ಗುಂಪಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಇವತ್ತಿನ ವಿಷಯ ಕ್ಯಾಂಟ್ರಿಪ್. ನಾವು ‘ಚಿಲ್ಲರೆ ಮಂತ್ರ’ ಅನ್ನುತ್ತೇವೆ. ದೊಡ್ಡ ಮಂತ್ರಗಳಿಗೆ ದಿನಕ್ಕೆ ಇಷ್ಟೇ ಅಂತ ಲೆಕ್ಕ ಇದೆ. ಈ ಸಣ್ಣವನ್ನು ಎಷ್ಟು ಸಲ ಬೇಕಾದರೂ ಹಾಕಬಹುದು.

ಮೊದಲು ಹೀಗಿರಲಿಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಈ ಆಟ ಬಂದಾಗ ಹೊಸ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ಕಠಾರಿ ಹಿಡಿದು ಎಲ್ಲರ ಹಿಂದೆ ನಿಲ್ಲಬೇಕು. 2000ದ ಮೂರನೆಯ ಆವೃತ್ತಿಯಲ್ಲಿ ಚಿಲ್ಲರೆ ಮಂತ್ರಕ್ಕೂ ದಿನದ ಲೆಕ್ಕವಿತ್ತು. 2008ರ ನಾಲ್ಕನೆಯ ಆವೃತ್ತಿ ಮತ್ತು 2009ರ ಪಾಥ್‌ಫೈಂಡರ್ ಅನ್ನುವ ಇಂಥದೇ ಇನ್ನೊಂದು ಆಟ ಆ ಲೆಕ್ಕ ಬಿಟ್ಟವು. 2014ರ ಐದನೆಯ ಆವೃತ್ತಿಯಲ್ಲೂ ಹಾಗೇ ಉಳಿಯಿತು. ಬಿಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಮೂರು ಗಂಟೆಯ ಆಟದಲ್ಲಿ ಹತ್ತು ನಿಮಿಷ ಮಾಂತ್ರಿಕನಾಗಿ, ಉಳಿದ ಹೊತ್ತು ಸುಮ್ನೆ ಕೂರುವುದು ಯಾರಿಗೆ ಬೇಕು?

ಜನ ಜಾಸ್ತಿ ಜಗಳ ಆಡುವುದು ಏಟು ಹಾಕುವ ಮಂತ್ರಗಳ ಬಗ್ಗೆ. ಬೆಂಕಿ ಎಸೆಯುವ ಫೈರ್ ಬೋಲ್ಟ್ ತೆಗೆದುಕೊಳ್ಳಿ. ಹತ್ತು ಮುಖದ ಒಂದು ದಾಳ, ಸರಾಸರಿ ಐದೂವರೆ. ಮೊದಲ ಹಂತದ, ಅಂದರೆ ಈಗಷ್ಟೇ ಆಟ ಶುರು ಮಾಡಿದ ಯೋಧನ ಕತ್ತಿಗೆ ಎಂಟು ಮುಖದ ದಾಳ, ಮೇಲೆ ತೋಳಬಲದ 3. ಸರಾಸರಿ ಏಳೂವರೆ. ಐದನೆಯ ಹಂತಕ್ಕೆ ಬೆಂಕಿಗೆ ಎರಡು ದಾಳ, ಯೋಧನಿಗೂ ಎರಡು ಏಟು. ಮುಂದೆಯೂ ಯೋಧನದೇ ಕೈ ಮೇಲು. ಈ ಲೆಕ್ಕವನ್ನು ನಿಯಮ ಬರೆದವರು ಕೂತು ಮಾಡಿದ್ದಾರೆ, ನಾವು ತಲೆ ಕೆಡಿಸಿಕೊಳ್ಳುವುದು ಬೇಡ. ಎಲ್ಡ್ರಿಚ್ ಬ್ಲಾಸ್ಟ್ ಅನ್ನುವ ಏಟಿನ ಮಂತ್ರ ಸ್ವಲ್ಪ ಬೇರೆ, ಆದರೆ ಅದು ವಾರ್‌ಲಾಕ್ ಅನ್ನುವ ಬಗೆಯ ಮಾಂತ್ರಿಕನ ಅನ್ನ. ಅದನ್ನು ಕಿತ್ತುಕೊಳ್ಳಬೇಡಿ.

ನನ್ನ ತಕರಾರು ಏಟು ಹಾಕದ ಮಂತ್ರಗಳ ಮೇಲೆ.

ಹೋದ ಮಳೆಗಾಲದಲ್ಲಿ ನಾನೊಂದು ಗುಹೆಯ ಕಥೆ ಕಟ್ಟಿದ್ದೆ. ಜಾಗ ನಮ್ಮ ಯಾಣ. 120 ಮೀಟರ್ ಎತ್ತರದ ಆ ಭೈರವೇಶ್ವರ ಶಿಖರ, ಬುಡದಲ್ಲಿ ಗುಹೆ, ತಲೆ ಮೇಲೆ ತೊಟ್ಟಿಕ್ಕುವ ನೀರು. ಅದರ ಕೆಳಗೆ ಇನ್ನೂ ಮೂರು ಅಂತಸ್ತು ಗುಹೆ ಇದೆ ಅಂತ ನಾನು ಸೇರಿಸಿದೆ. ಕಥೆಯ ಜೀವ ಇದ್ದದ್ದು ಕತ್ತಲೆಯಲ್ಲಿ. ಒಂದು ದೀವಟಿಗೆ ಒಂದು ಗಂಟೆ ಉರಿಯುತ್ತದೆ, ಸುತ್ತ ಇಪ್ಪತ್ತು ಅಡಿ ಚೆನ್ನಾಗಿ ಕಾಣುತ್ತದೆ. ಗುಂಪಿಗೆ ಒಟ್ಟು ಆರು ದೀವಟಿಗೆ. ಒಂದೊಂದಕ್ಕೂ ಒಂದು ಚೀಟಿ ಬರೆದು ಕತ್ತರಿಸಿಟ್ಟಿದ್ದೆ. ಆರಿದ ಹಾಗೆ ಒಂದೊಂದು ಚೀಟಿ ಹರಿಯುವುದು ಅಂತ ಯೋಚನೆ. ಎರಡು ರಾತ್ರಿಯ ಕೆಲಸ.

ಆಟದ ದಿನ ಮನೆಯಲ್ಲಿ ಕರೆಂಟೂ ಹೋಯಿತು. ಇದಕ್ಕಿಂತ ಒಳ್ಳೆ ಮುಹೂರ್ತ ಇಲ್ಲ ಅಂದುಕೊಂಡೆ. ಗುಹೆಯ ಬಾಯಿಗೆ ಬಂದರು. ನನ್ನ ಅತ್ತೆ ಮಗ ಒಂದು ಕಲ್ಲು ಎತ್ತಿಕೊಂಡ.

‘ಭಾವ, ಈ ಕಲ್ಲಿಗೆ ಲೈಟ್ ಮಂತ್ರ ಹಾಕಿದೆ.’

‘ಅದು ಒಂದೇ ಗಂಟೆ.’

‘ಮುಗಿದರೆ ಮತ್ತೆ ಹಾಕ್ತೇನೆ.’

ಮುಗಿಯಿತು ಕಥೆ. ನಾವು ಐದು ಜನ ಒಂದು ಮೊಬೈಲ್ ಟಾರ್ಚಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ಕೂತಿದ್ದೇವೆ, ಗುಹೆಯೊಳಗೆ ಮಾತ್ರ ಮದುವೆಮನೆಯ ಬೆಳಕು! ಆ ಆರು ಚೀಟಿಗಳಿಂದ ಅವನ ಮಗಳು ದೋಣಿ ಮಾಡಿ ಅಂಗಳದ ನೀರಿಗೆ ಬಿಟ್ಟಳು.

ನೋಡಿ, ಲೈಟ್ ಯಾರನ್ನೂ ಕೊಲ್ಲಲಿಲ್ಲ. ಕತ್ತಲೆ ಅನ್ನುವ ತಾಪತ್ರಯವನ್ನೇ ಕಥೆಯಿಂದ ಎತ್ತಿ ಆಚೆ ಇಟ್ಟಿತು. ಮಹಾಭಾರತದ ಅಕ್ಷಯಪಾತ್ರೆಗೂ ಒಂದು ಲೆಕ್ಕ ಇತ್ತು ಅಲ್ವಾ? ದ್ರೌಪದಿಯ ಊಟ ಆದರೆ ಆ ದಿನಕ್ಕೆ ಮುಗಿಯಿತು. ಪಾತ್ರೆ ತೊಳೆದಿಟ್ಟ ಮೇಲೆ ದೂರ್ವಾಸರು ಬಂದದ್ದರಿಂದ ನಮಗೆ ಒಂದು ಕಥೆ ಸಿಕ್ಕಿತು.

ನೀರಿನ ಲೆಕ್ಕ ಇನ್ನೂ ಮಜವಾಗಿದೆ. ಪಾಥ್‌ಫೈಂಡರ್ ಆಡುವಾಗ ಅಘನಾಶಿನಿ ಹೊಳೆಯ ಗಜನಿ ಭೂಮಿಯಂಥ, ಅಂದರೆ ಉಪ್ಪು ನೀರು ನುಗ್ಗುವ ಗದ್ದೆಗಳ ಒಂದು ಊರು ಮಾಡಿದ್ದೆ. ಉಪ್ಪು ನೀರು ತಾಳುವ ಕಗ್ಗ ಬತ್ತ, ಬೇಸಿಗೆಗೆ ಬಾಯಿಗಿಡಲಾಗದ ಬಾವಿ. ಊರಿಗೆ ಸಿಹಿನೀರು ತರುವುದೇ ಸಾಹಸ. ಗುಂಪಿನಲ್ಲಿ ಒಬ್ಬ ಪೂಜಾರಿ ಇದ್ದ. ಅವನ ಹತ್ತಿರ ಕ್ರಿಯೇಟ್ ವಾಟರ್. ಮೊದಲ ಹಂತದಲ್ಲಿ ಒಂದು ಸಲಕ್ಕೆ 2 ಗ್ಯಾಲನ್, ಅಂದರೆ ಏಳೂವರೆ ಲೀಟರ್. ಒಂದು ಕೊಡಕ್ಕಿಂತ ಕಮ್ಮಿ. ಆದರೆ ಆರು ಸೆಕೆಂಡಿಗೊಮ್ಮೆ ಹಾಕಬಹುದು. ನಿಮಿಷಕ್ಕೆ 75 ಲೀಟರ್, ಗಂಟೆಗೆ 4,500 ಲೀಟರ್. ಪೂಜಾರಿ ಅಲ್ಲ ಸ್ವಾಮಿ, ಟ್ಯಾಂಕರ್!

ನಾನು ಕೈಚೆಲ್ಲುವ ಹೊತ್ತಿಗೆ ನಿಯಮದ ಕೊನೆಯಲ್ಲಿ ಒಂದು ಸಾಲು ಸಿಕ್ಕಿತು. ಕುಡಿಯದೆ ಉಳಿದ ನೀರು ಒಂದು ದಿನದಲ್ಲಿ ಮಾಯ. ಆ ಸಾಲು ಬರೆದವರು ಸಿಕ್ಕಿದರೆ ನಾನು ತೊಡೆದೇವು ಕೊಡಿಸುತ್ತೇನೆ. ಶೇಖರಿಸಿ ಇಡುವ ಹಾಗಿಲ್ಲ. ಪೂಜಾರಿ ಹೋದರೆ ಮರುದಿನ ಊರಿಗೆ ಮತ್ತೆ ಬಾಯಾರಿಕೆ. ಊರವರು ಅವನನ್ನು ಬಿಡುವುದಿಲ್ಲ ಅಂದರು. ನಾನು ಬರೆದಿದ್ದ ಕಥೆಗಿಂತ ಅದು ಚೆನ್ನಾಗಿತ್ತು. ಐದನೆಯ ಆವೃತ್ತಿಯವರು ಆ ಮಂತ್ರವನ್ನು ಚಿಲ್ಲರೆಯಿಂದಲೇ ತೆಗೆದು, ದಿನದ ಲೆಕ್ಕ ಇರುವ ದೊಡ್ಡ ಮಂತ್ರಗಳ ಮೊದಲ ಹಂತಕ್ಕೆ ಏರಿಸಿದರು. ಗಾಯ ವಾಸಿ ಮಾಡುವುದಕ್ಕೂ ಇದೇ ಗತಿ. ಮೂರನೆಯ ಆವೃತ್ತಿಯಲ್ಲಿ ಒಂದೇ ಒಂದು ಅಂಕ ಜೀವ ಕೊಡುವ ಚಿಲ್ಲರೆ ಮಂತ್ರವಿತ್ತು. ಲೆಕ್ಕ ಬಿಟ್ಟಾಗ ಪಾಥ್‌ಫೈಂಡರ್ ಅದನ್ನು ಕೈಬಿಟ್ಟು ಸ್ಟೆಬಿಲೈಜ್ ತಂದಿತು. ಅದು ಸಾಯುವುದನ್ನು ತಡೆಯುತ್ತದೆ, ಎಬ್ಬಿಸಿ ಕೂರಿಸುವುದಿಲ್ಲ.

ಇನ್ನೊಂದು ತಲೆನೋವು ಗೈಡೆನ್ಸ್ ಅನ್ನುವ ಚಿಲ್ಲರೆ ಮಂತ್ರ. ಯಾವ ಕೆಲಸಕ್ಕಾದರೂ ನಾಲ್ಕು ಮುಖದ ದಾಳ ಹೆಚ್ಚಿಗೆ ಸಿಗುತ್ತದೆ. ಬೀಗ ತೆಗೆಯುವಾಗ ಗೈಡೆನ್ಸ್, ಗೋಡೆ ಹತ್ತುವಾಗ ಗೈಡೆನ್ಸ್. ಮದುವೆಯಲ್ಲಿ ಅನ್ನ ಬಡಿಸಿದ ಹಾಗೆ ಹೋಗುತ್ತಿರುತ್ತದೆ. ನಾನು ನಿಯಮ ಬದಲಿಸಲಿಲ್ಲ, ಓದಿದೆ ಅಷ್ಟೇ. ಮುಟ್ಟಬೇಕು, ಬಾಯಿಬಿಟ್ಟು ಮಂತ್ರ ಹೇಳಬೇಕು ಅಂತ ಬರೆದಿದೆ. ಅಡಿಕೆ ವ್ಯಾಪಾರಿಯ ಎದುರು ಗೆಳೆಯನ ಭುಜ ಹಿಡಿದು ಮಂತ್ರ ಹೇಳಿ ಚೌಕಾಸಿಗೆ ನಿಂತರೆ ಅವನು ಸುಮ್ನೆ ಇರ್ತಾನಾ? ಅರ್ಧ ಗೈಡೆನ್ಸ್ ಅವತ್ತೇ ಕಮ್ಮಿಯಾಯಿತು.

ಹೊಸದಾಗಿ ಆಟ ನಡೆಸುವವರು ಕೇಳುತ್ತಾರೆ, ಚಿಲ್ಲರೆ ಮಂತ್ರಕ್ಕೆ ದಿನಕ್ಕೆ ಐದು ಅಂತ ಮಿತಿ ಹಾಕಲೇ? ಬೇಡ. ಎಣಿಸುವುದರಲ್ಲೇ ಆಟ ಮುಗಿಯುತ್ತದೆ. ನಿಮ್ಮ ಕಥೆಯಲ್ಲಿ ಯಾವ ಕಷ್ಟ ಉಳಿಯಬೇಕು ಅಂತ ಮೊದಲು ನೋಡಿ. ಕತ್ತಲೆ ಬೇಕಾದರೆ ಲೈಟ್ ಒಂದನ್ನೇ ಮೊದಲ ಹಂತಕ್ಕೆ ಏರಿಸಿ, ಬೆಂಕಿ ಎಸೆಯುವವನನ್ನು ಅವನ ಪಾಡಿಗೆ ಬಿಡಿ. 2023ರಲ್ಲಿ ಬಂದ ಶಾಡೋಡಾರ್ಕ್ ಅನ್ನುವ ಆಟ ಇನ್ನೂ ಕಟ್ಟುನಿಟ್ಟು. ಅಲ್ಲಿ ದೀವಟಿಗೆ ನಮ್ಮ ಗಡಿಯಾರದ ಒಂದು ಗಂಟೆಯೇ ಉರಿಯುತ್ತದೆ. ಮಂತ್ರಕ್ಕೂ ದಾಳ ಬೀಳಬೇಕು. ತಪ್ಪಿದರೆ ವಿಶ್ರಾಂತಿ ಆಗುವ ತನಕ ಆ ಮಂತ್ರ ಇಲ್ಲ.

ಏನೇ ಮಾಡಿ, ಪಾತ್ರ ಬರೆಯುವ ಮೊದಲೇ ಹೇಳಿ. ಯಾಣದ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಭಸ್ಮಾಸುರನಿಗೆ ಶಿವ ವರ ಕೊಟ್ಟದ್ದು ಎಷ್ಟು ಸಲ, ಯಾರ ತಲೆ ಅನ್ನುವ ಮಾತೇ ಇಲ್ಲದೆ. ಕೊಟ್ಟ ಮೇಲೆ ವಾಪಸ್ ಕೇಳುವ ಹಾಗಿಲ್ಲ. ಓಡಬೇಕಾಯಿತು. ನಮ್ಮ ಮೇಜಿಗೆ ಮೋಹಿನಿ ಬರುವುದಿಲ್ಲ.

ಆ ಗುಹೆಗೆ ನಾವು ಎರಡನೆಯ ಸಲವೂ ಹೋದೆವು. ಲೈಟ್ ಹಾಗೇ ಇತ್ತು. ಈ ಸಲ ಕೆಳಗಿನ ಅಂತಸ್ತಿನಲ್ಲಿ ಬೆಳಕು ಕಂಡರೆ ಎದ್ದು ಬರುವ ಒಂದು ಪ್ರಾಣಿಯನ್ನು ಇಟ್ಟಿದ್ದೆ. ಅದರ ಉಸಿರು ಕೇಳಿಸಿದ್ದೇ ನನ್ನ ಅತ್ತೆ ಮಗ ಹೊಳೆಯುವ ಕಲ್ಲನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಕಂಬಳಿ ತುರುಕಿ, ‘ಎಲ್ಲರೂ ಗೋಡೆ ತಡವಿಕೊಂಡು ಬನ್ನಿ’ ಅಂದ.

ಆಚೆ ಕೋಣೆಯಲ್ಲಿ ಎರಡು ಮೇಜು ಹಾಕಿದ್ದೇವೆ. ದಾಳ, ಪೆನ್ಸಿಲ್ ಅಲ್ಲೇ ಇವೆ, ಕಷಾಯವೂ ಬರುತ್ತದೆ. ಇವತ್ತು ಲೈಟ್ ಇದೆಯೋ ಇಲ್ಲವೋ ಅಂತ ನೀವು ಪಾತ್ರ ಬರೆಯುವ ಮೊದಲೇ ಹೇಳುತ್ತೇನೆ.