ಓದುತ್ತಿರುವವರು ಸಯೀದಾ ಬಾನೊ

ಕೇಳುಗರಿಗೆ ನಮಸ್ಕಾರ. ಇಂದಿನ ಮಾತು ದೆಹಲಿ ಬಾನುಲಿಯಲ್ಲಿ ಉರ್ದು ವಾರ್ತೆ ಓದುತ್ತಿದ್ದ ಸಯೀದಾ ಬಾನೊ ಅವರ ಬಗ್ಗೆ.

‘ವಾರ್ತೆಗಳು, ಓದುತ್ತಿರುವವರು...’ ಎಂಬ ದನಿ ಹಜಾರದಿಂದ ಬಂದೊಡನೆ ಮೈಸೂರು ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ತಾತ ಕಾಫಿ ಲೋಟ ಕೆಳಗಿಡುತ್ತಿದ್ದರು. ಮತ್ತೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಕನ್ನಡದ ಜಾಣತನ ನೋಡಿ, ‘ಓದುತ್ತಿರುವವರು’ ಎಂದರೆ ಗಂಡಸೋ ಹೆಂಗಸೋ ತಿಳಿಯುವುದಿಲ್ಲ. ಸಂಸ್ಕೃತ ವಾರ್ತೆಯಲ್ಲಿ ‘ಪ್ರವಾಚಕಃ ಬಲದೇವಾನಂದ ಸಾಗರಃ’ ಎನ್ನುವಾಗ ಹೆಸರಿಗೆ ಮೊದಲೇ ಗುಟ್ಟು ರಟ್ಟು. ಆದರೆ ಭಾಷೆ ಯಾವುದಾದರೇನು, ದನಿಯನ್ನು ಮುಚ್ಚಿಡಲಾದೀತೆ?

ಆ ದನಿಯ ಕಾರಣಕ್ಕೇ ಹೆಂಗಸರಿಗೆ ಮೈಕಿನ ಮುಂದಿನ ಕುರ್ಚಿ ಸುಲಭವಾಗಿ ದಕ್ಕಲಿಲ್ಲ. 1933ರಲ್ಲಿ ಬಿಬಿಸಿ ಶೀಲಾ ಬೊರೆಟ್ ಎಂಬಾಕೆಯನ್ನು ಉದ್ಘೋಷಕಿಯಾಗಿ ಕೂರಿಸಿ, ಕೇಳುಗರ ದೂರಿಗೆ ಮಣಿದು ಕೆಲವೇ ತಿಂಗಳಲ್ಲಿ ಎಬ್ಬಿಸಿತು. ನಮ್ಮೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಇದೇ ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವ್ಯಾಟ್‌ನ ಪುಟ್ಟ ಯಂತ್ರದಲ್ಲಿ ಪ್ರಸಾರ ಶುರುಮಾಡಿದ್ದು 1935ರಲ್ಲಿ. ‘ಆಕಾಶವಾಣಿ’ ಎಂಬ ಆ ಹೆಸರು ಮುಂದೆ ದೇಶದ ಬಾನುಲಿಗೇ ಆಯಿತು. ವಾಣಿ ಸ್ತ್ರೀಲಿಂಗ ಎಂಬುದನ್ನು ಯಾರೂ ಆಕ್ಷೇಪಿಸಿದಂತಿಲ್ಲ!

ಸಯೀದಾ ಬಾನೊ 1913ರಲ್ಲಿ ಭೋಪಾಲದಲ್ಲಿ ಹುಟ್ಟಿದವರು. ಲಖನೌ ನಿಲಯದಲ್ಲಿ ಹೆಂಗಸರ, ಮಕ್ಕಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಅಲ್ಲಿಯವರೆಗೆ ತಕರಾರಿಲ್ಲ. ಹುಳಿಪುಡಿಯ ಅಳತೆ ಹೇಳಲು ಹೆಣ್ಣುದನಿ ಸಲ್ಲುತ್ತಿತ್ತು, ಗಡಿಯ ಅಳತೆ ಹೇಳಲು ಸಲ್ಲುತ್ತಿರಲಿಲ್ಲ. ಗಂಡನ ಮನೆಯನ್ನು ಬಿಟ್ಟು, ಕಿರಿಯ ಮಗನನ್ನು ಕರೆದುಕೊಂಡು ಅವರು ದೆಹಲಿಗೆ ಬಂದಿಳಿದದ್ದು 1947ರ ಆಗಸ್ಟ್‌ನಲ್ಲಿ, ದೇಶ ಎರಡಾಗುವ ಹೊತ್ತಿಗೆ. ಆಗಸ್ಟ್ 13ರಂದು ಉರ್ದು ವಾರ್ತೆ ಓದಿದರು. ದೆಹಲಿ ಬಾನುಲಿಯ ಉರ್ದು ವಾರ್ತೆಗೆ ಮೊದಲ ಹೆಣ್ಣುದನಿ ಅವರದೇ.

ಆಗ ಬಾನುಲಿಯೆಂದರೆ ಸರ್ಕಾರದ್ದೇ ಇಲಾಖೆ. ಓದುವವರ ಬಾಯಿ ಸರ್ಕಾರದ ಬಾಯಿ. ವಾರ್ತೆ ಓದುವುದು ಭಾಷಣದಂತಲ್ಲ. ನಾನೀಗ ಕೆಮ್ಮಬಹುದು, ತಡವರಿಸಬಹುದು, ನೀವು ಮನ್ನಿಸುತ್ತೀರಿ. ವಾರ್ತೆಯಲ್ಲಿ ಕಾಗದ ಸದ್ದು ಮಾಡುವಂತಿಲ್ಲ, ದುಃಖ ದನಿಗೆ ಇಳಿಯುವಂತಿಲ್ಲ. ಊರುಗಳು ಉರಿಯುತ್ತಿದ್ದ ಆ ತಿಂಗಳುಗಳಲ್ಲಿ ಇಂಥ ಸಮದನಿಯನ್ನು ಕಾಪಾಡಿಕೊಳ್ಳುವುದು ಎಂಥ ಕಷ್ಟವೆಂದು ನಾನು ಬಲ್ಲೆನೆನ್ನಲಾರೆ.

ನಮ್ಮ ಅಜ್ಜಿ ವಾರ್ತೆಗೆಂದು ಎಂದೂ ಹಜಾರಕ್ಕೆ ಬಂದವರಲ್ಲ. ಕನ್ನಡ ವಾರ್ತೆಯಲ್ಲಿ ಹೆಣ್ಣುದನಿ ಕೇಳಿದ ದಿನ ಒಗ್ಗರಣೆ ಸೌಟು ಕೈಯಲ್ಲಿದ್ದಂತೆಯೇ ಬಾಗಿಲಿಗೆ ಬಂದು, ಕೊನೆಯವರೆಗೂ ನಿಂತಿದ್ದರು. ಸಾಸಿವೆ ಸೀದದ್ದು ತಾತನ ಮೂಗಿಗೇ ಮೊದಲು ಬಿತ್ತು.

ಸಯೀದಾ ಅವರಿಗೆ ಕೇಳುಗರ ಪತ್ರಗಳು ಬರುತ್ತಿದ್ದವು. ಮೆಚ್ಚಿದವರಿದ್ದರು, ಪಾಕಿಸ್ತಾನಕ್ಕೆ ಹೋಗೆಂದು ಬರೆದವರೂ ಇದ್ದರು. ಅವರು ಹೋಗಲಿಲ್ಲ. ದೆಹಲಿಯಲ್ಲೇ ಉಳಿದು, ಮುಂದೆ ಉರ್ದು ಸೇವೆಯ ನಿರ್ಮಾಪಕಿಯಾದರು.

ನಮಸ್ಕಾರ.