ಡೊನೋರಾ: ಎರಡು ಪಟ್ಟಿಗಳ ಊರು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೊನೋರಾ ಎಂಬ ಪುಟ್ಟ ಊರಿನ ಬಗ್ಗೆ. ಪಿಟ್ಸ್‌ಬರ್ಗ್ ನಗರದ ದಕ್ಷಿಣಕ್ಕೆ, ಮೊನೊಂಗಹೀಲಾ ನದಿ ದೊಡ್ಡ ತಿರುವು ತೆಗೆದುಕೊಳ್ಳುವ ಕಡೆ ಅದು ಇದೆ. ಈಗ ಅಲ್ಲಿನ ಜನಸಂಖ್ಯೆ ಐದು ಸಾವಿರವೂ ಇಲ್ಲ. ಆದರೂ ಆ ಊರಿನವರು ಅದನ್ನು ‘ಚಾಂಪಿಯನ್ನರ ತವರು’ ಎಂದು ಹೆಮ್ಮೆಯಿಂದ ಕರೆಯುತ್ತಾರೆ. ಆ ಹೆಮ್ಮೆಗೆ ಕಾರಣವೂ ಇದೆ.

1920ರ ನವೆಂಬರ್ 21ರಂದು ಅಲ್ಲಿ ಸ್ಟಾನ್ ಮ್ಯೂಸಿಯಲ್ ಹುಟ್ಟಿದ. ಅಪ್ಪ ಪೋಲೆಂಡ್ ಕಡೆಯಿಂದ ಹೊಟ್ಟೆಪಾಡಿಗೆ ವಲಸೆ ಬಂದ ಕಾರ್ಮಿಕ. ಮಗ ಬೇಸ್‌ಬಾಲ್ ಆಟಗಾರನಾಗಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ 22 ಸೀಸನ್ ಆಡಿದ. ಬೇರೆ ತಂಡದ ಕಡೆ ತಿರುಗಿಯೂ ನೋಡಲಿಲ್ಲ. ಚೆಂಡು ಹೊಡೆದು ಔಟಾಗದೆ ಮೊದಲ ನೆಲೆ ತಲುಪಿದರೆ ಅದನ್ನು ಹಿಟ್ ಎನ್ನುತ್ತಾರೆ. ಅವನ ಲೆಕ್ಕದಲ್ಲಿ 3,630 ಹಿಟ್‌ಗಳಿವೆ. ಅವುಗಳಲ್ಲಿ ಸ್ವಂತ ಮೈದಾನದಲ್ಲಿ ಬಂದವು 1,815, ಎದುರಾಳಿಗಳ ಮೈದಾನಗಳಲ್ಲಿ ಬಂದವೂ ಸರಿಯಾಗಿ 1,815. ಊರು ಯಾವುದಾದರೇನು, ಆಟ ಒಂದೇ ಸಮ!

ಶಾಲೆಯ ತಂಡದಲ್ಲಿ ಮ್ಯೂಸಿಯಲ್ ಜೊತೆ ಆಡಿದವರಲ್ಲಿ ಬಡ್ಡಿ ಗ್ರಿಫಿ ಎಂಬ ಕಪ್ಪು ಹುಡುಗನೂ ಇದ್ದ. ಅವನ ಮಗ ಕೆನ್ ಗ್ರಿಫಿ 1950ರಲ್ಲಿ ಡೊನೋರಾದಲ್ಲೇ ಹುಟ್ಟಿ, ಸಿನ್ಸಿನಾಟಿ ರೆಡ್ಸ್ ತಂಡದ ಜೊತೆ 1975 ಮತ್ತು 1976ರಲ್ಲಿ ಅಮೆರಿಕದ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದ. ಮೊಮ್ಮಗ ಕೆನ್ ಗ್ರಿಫಿ ಜೂನಿಯರ್ ಹುಟ್ಟಿದ್ದೂ ಅದೇ ಊರಿನಲ್ಲಿ, 1969ರಲ್ಲಿ. ದಿನ ಮತ್ತೆ ನವೆಂಬರ್ 21! ಮ್ಯೂಸಿಯಲ್ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ್ದೂ ಅದೇ ವರ್ಷ. ಜೂನಿಯರ್ ಮುಂದೆ 630 ಹೋಮ್ ರನ್ ಹೊಡೆದ. ಚೆಂಡು ಮೈದಾನದ ಬೇಲಿ ದಾಟಿ ಹೋಗುವ ಹೊಡೆತಕ್ಕೆ ಹೋಮ್ ರನ್ ಎನ್ನುತ್ತಾರೆ. 1990ರಲ್ಲಿ ಅಪ್ಪ, ಮಗ ಇಬ್ಬರೂ ಸಿಯಾಟಲ್ ತಂಡದಲ್ಲಿ ಒಟ್ಟಿಗೆ ಆಡಿದರು. ಸೆಪ್ಟೆಂಬರ್ 14ರ ಪಂದ್ಯದಲ್ಲಿ ಅಪ್ಪ ಹೋಮ್ ರನ್ ಹೊಡೆದ. ಅವನ ಹಿಂದೆಯೇ ಬ್ಯಾಟ್ ಹಿಡಿದು ಬಂದ ಮಗನೂ ಹೊಡೆದ.

ಇದು ಡೊನೋರಾದ ಮೊದಲ ಪಟ್ಟಿ. ಊರಿನ ಬಗ್ಗೆ ಕೇಳಿದರೆ ಎಲ್ಲರೂ ಹೇಳುವ ಪಟ್ಟಿ. ಆದರೆ ಅಲ್ಲಿಗೆ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಈ ಹುಡುಗರ ಮನೆಯವರು ಯಾವ ಗಾಳಿ ಕುಡಿದು ಬದುಕಿದರು ಎಂಬುದನ್ನೂ ಹೇಳಬೇಕಲ್ವಾ?

ಆ ಊರು ಬೆಳೆದದ್ದೇ ಕಾರ್ಖಾನೆಗಳಿಂದ. ಉಕ್ಕು, ತಂತಿ, 1915ರಿಂದ ಸತುವಿನ ಕಾರ್ಖಾನೆ. ನದಿಯ ದಂಡೆಯುದ್ದಕ್ಕೂ ಚಿಮಣಿಗಳು. ಎದುರು ದಡದ ವೆಬ್‌ಸ್ಟರ್ ಹಳ್ಳಿಯಲ್ಲಿ ಹೊಗೆಗೆ ತೋಟಗಳು ಒಣಗಿದವು. ರೈತರು ಕೋರ್ಟ್ ಮೆಟ್ಟಿಲು ಹತ್ತಿದರು. ಡೊನೋರಾದ ಮನೆಗಳಿಗೆ ಮಾತ್ರ ಆ ಹೊಗೆಯೇ ಸಂಬಳ. ಹಾಗಾಗಿ ಬಾಯಿ ಬಿಡುವವರು ಕಡಿಮೆ.

1948ರ ಅಕ್ಟೋಬರ್ ಕೊನೆಯ ವಾರ. ಕಣಿವೆಯಲ್ಲಿ ತಣ್ಣನೆಯ ಗಾಳಿ ಕೆಳಗೆ ಕೂತಿತು. ಅದರ ಮೇಲೆ ಬೆಚ್ಚಗಿನ ಗಾಳಿ ಪಾತ್ರೆಯ ಮುಚ್ಚಳದ ಹಾಗೆ ಬಿಗಿಯಿತು. ಹೊಗೆ ಮೇಲೇರಲು ದಾರಿಯೇ ಇಲ್ಲ. ಆದರೂ ಕುಲುಮೆಗಳು ಉರಿಯುತ್ತಲೇ ಇದ್ದವು. ಶುಕ್ರವಾರ ಹ್ಯಾಲೋವೀನ್ ಮೆರವಣಿಗೆ ನಡೆಯಿತು, ಶನಿವಾರ ಶಾಲಾ ಫುಟ್ಬಾಲ್ ಪಂದ್ಯವೂ ನಡೆಯಿತು. ನೋಡಲು ಬಂದವರಿಗೆ ಚೆಂಡೇ ಕಾಣಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಸಾವುಗಳು ಶುರುವಾಗಿದ್ದವು.

ಅಗ್ನಿಶಾಮಕ ದಳದವರು ಆಕ್ಸಿಜನ್ ಸಿಲಿಂಡರ್ ಹೊತ್ತು ಮನೆಮನೆಗೆ ಹೋದರು. ಹಗಲಲ್ಲೇ ದಾರಿ ಕಾಣದು. ಬೇಲಿ, ಗೋಡೆ ತಡವಿಕೊಂಡು ನಡೆಯಬೇಕು. ಉಸಿರಿಗೆ ಒದ್ದಾಡುತ್ತಿದ್ದವರಿಗೆ ಸ್ವಲ್ಪ ಹೊತ್ತು ಆಕ್ಸಿಜನ್ ಕೊಟ್ಟು, ಸಿಲಿಂಡರ್ ಮುಚ್ಚಿ, ಮುಂದಿನ ಮನೆಗೆ ಓಡಬೇಕು. ಆ ಮುಚ್ಚುವ ಕ್ಷಣವನ್ನು ಸುಮ್ನೆ ಒಮ್ಮೆ ಯೋಚಿಸಿ ನೋಡಿ. ಎದುರಿಗಿರುವವನು ಪರಿಚಯದವನೇ, ಇನ್ನೂ ಸ್ವಲ್ಪ ಕೊಡಿ ಎಂದು ಕಣ್ಣಲ್ಲೇ ಬೇಡುತ್ತಿರುತ್ತಾನೆ.

ಊರಿನ ಆರೋಗ್ಯ ಮಂಡಳಿಯಲ್ಲಿದ್ದ ಡಾಕ್ಟರ್ ವಿಲಿಯಂ ರೊಂಗಾಸ್, ಉಸಿರಾಟದ ತೊಂದರೆ ಇರುವವರು ಊರು ಬಿಟ್ಟು ಹೋಗಿ ಎಂದು ಹೇಳುತ್ತಾ ತಿರುಗಿದರು. ಇದು ಕೊಲೆ ಎಂದು ಬಹಿರಂಗವಾಗಿ ಹೇಳಿದರು. ಕಾರ್ಖಾನೆಯ ಅನ್ನ ತಿನ್ನುವ ಊರಿನಲ್ಲಿ ಹಾಗೆ ಹೇಳಲು ಎಷ್ಟು ಧೈರ್ಯ ಬೇಕು! ನನ್ನ ಮಟ್ಟಿಗೆ ಡೊನೋರಾದ ಗಣ್ಯರಲ್ಲಿ ಅವರ ಹೆಸರು ಮೊದಲ ಸಾಲಿನಲ್ಲೇ ಬರಬೇಕು.

ಭಾನುವಾರ ಬೆಳಿಗ್ಗೆ ಸತುವಿನ ಕಾರ್ಖಾನೆಯ ಕುಲುಮೆಗಳನ್ನು ತಗ್ಗಿಸಿದರು. ಆಮೇಲೆ ಮಳೆ ಬಂದು ಹೊಗೆ ಚದುರಿತು. ಅಷ್ಟು ಹೊತ್ತಿಗೆ ಸತ್ತವರು 20 ಜನ. ಇದೇ ಡೊನೋರಾದ ಎರಡನೇ ಪಟ್ಟಿ. ಸುಮಾರು 14,000 ಜನರ ಊರಿನಲ್ಲಿ ಕಾಯಿಲೆ ಬಿದ್ದವರು ಸಾವಿರಾರು. ಸತ್ತವರು ವಯಸ್ಸಾದವರು, ಮೊದಲೇ ದಮ್ಮು, ಹೃದಯದ ಕಾಯಿಲೆ ಇದ್ದವರು ಎಂದು ಆಗ ಕೆಲವರು ಸಮಾಧಾನ ಹೇಳಿಕೊಂಡರು. ಈ ಮಾತು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ದಮ್ಮು ಇರುವವರಿಗೂ ಉಸಿರಾಡುವ ಹಕ್ಕು ಇದೆ.

1948 ಮ್ಯೂಸಿಯಲ್‌ಗೆ ಅತಿ ದೊಡ್ಡ ವರ್ಷ. ಬ್ಯಾಟಿಂಗ್ ಸರಾಸರಿ .376, ಅಂದರೆ ಸಾವಿರ ಅವಕಾಶಕ್ಕೆ 376 ಹಿಟ್‌ಗಳ ಲೆಕ್ಕ. ಲೀಗಿನ ಶ್ರೇಷ್ಠ ಆಟಗಾರನ ಪ್ರಶಸ್ತಿ ಮೂರನೇ ಸಲ ಬಂತು. ಸೀಸನ್ ಮುಗಿದ ಕೆಲವೇ ವಾರಗಳಲ್ಲಿ ಹುಟ್ಟೂರಿನಲ್ಲಿ ಈ ಹೊಗೆ. ಅಪ್ಪನಿಗೆ ಆರೋಗ್ಯ ಕೆಟ್ಟಿತು. ಮಗ ಅವರನ್ನು ತನ್ನ ಹತ್ತಿರ ಕರೆಸಿಕೊಂಡ. ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಆ 20ರ ಲೆಕ್ಕದಲ್ಲಿ ಅವರು ಇಲ್ಲ.

ಕಾರ್ಖಾನೆಗಳ ಕಂಪನಿ ಈ ದುರಂತವನ್ನು ದೈವದ ಆಟ ಎಂದಿತು. ಕೊನೆಗೆ ತಪ್ಪು ಒಪ್ಪಿಕೊಳ್ಳದೆಯೇ ಹಣ ಕೊಟ್ಟು ಕೇಸುಗಳನ್ನು ಮುಗಿಸಿತು. ಸತುವಿನ ಕಾರ್ಖಾನೆ 1957ರಲ್ಲಿ ಮುಚ್ಚಿತು, ಉಕ್ಕಿನದು 1960ರ ದಶಕದಲ್ಲಿ. ಕೆಲಸ ಹೋಯಿತು, ಜನ ಊರು ಬಿಟ್ಟರು. ಗ್ರಿಫಿ ಜೂನಿಯರ್ ಕೂಡ ಚಿಕ್ಕವನಿದ್ದಾಗಲೇ ಸಿನ್ಸಿನಾಟಿಗೆ ಹೋದ.

ಗಾಳಿಯ ಮಾಲಿನ್ಯದ ಬಗ್ಗೆ ಅಮೆರಿಕದ ಮೊದಲ ಕೇಂದ್ರ ಕಾನೂನು 1955ರಲ್ಲಿ ಬಂತು, ಶುದ್ಧ ಗಾಳಿ ಕಾಯ್ದೆ 1963ರಲ್ಲಿ, ಅದಕ್ಕೆ ನಿಜವಾದ ಹಲ್ಲು ಬಂದದ್ದು 1970ರಲ್ಲಿ. ಇವೆಲ್ಲದರ ಹಿಂದೆ ಡೊನೋರಾದ ಆ ವಾರದ ನೆನಪು ಇತ್ತು. ಊರಿನವರು ತುಂಬಾ ವರ್ಷ ಈ ವಿಷಯ ಜಾಸ್ತಿ ಮಾತಾಡಲಿಲ್ಲ. ಈಗ ಅಲ್ಲಿ ಒಂದು ಸ್ಮಾಗ್ ಮ್ಯೂಸಿಯಂ, ಅಂದರೆ ಹೊಗೆಮಂಜಿನ ಮ್ಯೂಸಿಯಂ ಇದೆ. ‘ಶುದ್ಧ ಗಾಳಿ ಶುರುವಾದದ್ದು ಇಲ್ಲೇ’ ಎಂಬುದು ಅದರ ಘೋಷಣೆ. ಮ್ಯೂಸಿಯಲ್, ಗ್ರಿಫಿಗಳ ನೆನಪುಗಳನ್ನೂ ಅಲ್ಲೇ, ಅದೇ ಸೂರಿನಡಿ ಇಟ್ಟಿದ್ದಾರೆ.

ನಮಸ್ಕಾರ.