ಚಿನ್ನ ಗೆದ್ದವನಿಗೆ ಬೀದಿ ಕಟ್ಟೆ ಯಾಕೆ ಬೇಕು?

[ದೃಶ್ಯ: ಹಾಸನದ ಒಂದು ಬೀದಿ, ಕಲ್ಲುಕಟ್ಟೆಯ ಪಕ್ಕ ನಿರೂಪಕ]

ಪ್ಯಾರಿಸ್ ಒಲಿಂಪಿಕ್ಸ್, 2024. ಪುರುಷರ ಸ್ಟ್ರೀಟ್ ಸ್ಕೇಟ್‌ಬೋರ್ಡಿಂಗ್ ಫೈನಲ್, ಅಂದ್ರೆ ಬೀದಿಯ ಥರದ ಮೆಟ್ಟಿಲು, ಕಂಬಿ, ಕಟ್ಟೆಗಳ ಮೇಲೆ ಆಡೋ ಆಟ. ಜಪಾನಿನ ಯೂಟೊ ಹೊರಿಗೋಮೆ ಕೊನೇ ಟ್ರಿಕ್‌ಗೆ ನಿಂತಾಗ ಪದಕದಿಂದ ಆಚೆ ಇದ್ದ. ಹಾಕಿದ ನೋಡಿ, 97.08 ಅಂಕ! ಬರೀ 0.1 ಅಂಕದ ಅಂತರದಲ್ಲಿ ಚಿನ್ನ. ಹಿಂದಿನ ಟೋಕಿಯೊ ಚಿನ್ನವೂ ಅವನದೇ.

ಇದನ್ನ ನೋಡಿದ ಹಾಸನದ ಹುಡುಗನೊಬ್ಬ ನನಗೆ ಕೇಳಿದ: "ಅಣ್ಣಾ, ಇಂಥವನೂ ಮತ್ತೆ ಬೀದಿಗಿಳಿದು, ಬಿದ್ದು ಮೈಕೈ ತರಚಿಕೊಂಡು ವಿಡಿಯೋ ಮಾಡ್ತಾನಲ್ಲ, ಏನು ಕರ್ಮ?"

ಒಳ್ಳೇ ಪ್ರಶ್ನೆ. ಮೊದಲು ಪೀಠಿಕೆ, ಬೇಗ ಮುಗಿಸ್ತೀನಿ. ಏಳು ಪದರದ ಮೇಪಲ್ ಹಲಗೆ, ನಾಲ್ಕು ಚಕ್ರ. ಕೈಯಲ್ಲಿ ಹಿಡೀದೆ ಬೋರ್ಡ್ ಸಮೇತ ಹಾರೋದು ಆಲಿ. ಫ್ಲೋರಿಡಾದ ಆಲನ್ ಗೆಲ್ಫಂಡ್ ಇಳಿಜಾರಲ್ಲಿ ಶುರು ಮಾಡಿದ, ರಾಡ್ನಿ ಮಲನ್ ಸಪಾಟು ನೆಲಕ್ಕೆ ತಂದ. ಅಲ್ಲಿಂದಾಚೆಗೆ ಕಟ್ಟೆ, ಮೆಟ್ಟಿಲು, ಮೆಟ್ಟಿಲ ಕಂಬಿ ಯಾವುದನ್ನೂ ಇವರು ಬಿಟ್ಟಿಲ್ಲ. ಸಾಕು.

ಪಂದ್ಯದಲ್ಲಿ ಜಾಗವನ್ನ ಯಾರೋ ಕಟ್ಟಿಕೊಟ್ಟಿರ್ತಾರೆ, 45 ಸೆಕೆಂಡಿನ ರನ್, ಅಂಕ, ಮನೆಗೆ. ಬೀದಿಯಲ್ಲಿ ಜಾಗ ಹುಡುಕೋದೇ ಅರ್ಧ ಕೆಲಸ. ಇನ್ನೊಂದು ಅಲಿಖಿತ ನಿಯಮ ಬೇರೆ: ಒಂದು ಮೆಟ್ಟಿಲಲ್ಲಿ ಯಾರಾದ್ರೂ ಒಂದು ಟ್ರಿಕ್ ಹಾಕಿ ವಿಡಿಯೋ ಬಂದಾಗಿದ್ರೆ, ಅಲ್ಲೇ ಅದನ್ನೇ ನೀವು ಹಾಕಿದ್ರೆ ಮದುವೆಮನೆಗೆ ಮೂರನೇ ಗೋಡೆ ಗಡಿಯಾರ ಕೊಟ್ಟ ಹಾಗೆ. ಬೇಡ ಅನ್ನಲ್ಲ, ಯಾರೂ ಬಿಚ್ಚಿಯೂ ನೋಡಲ್ಲ! ಹಾಗಾಗಿ ಪ್ರೊಫೆಷನಲ್ ಸ್ಕೇಟರ್‌ಗೆ ಊರೂರ ಮೆಟ್ಟಿಲ ಚರಿತ್ರೆ ಬಾಯಿಪಾಠ. ನ್ಯೂಯಾರ್ಕಿನ ಟೈಷಾನ್ ಜೋನ್ಸ್ 2022ರಲ್ಲಿ ಮೆಟ್ರೋ ಸ್ಟೇಷನ್ನಿನ ಹಳಿಗಳನ್ನ ದಾಟಿ, ಈ ಪ್ಲಾಟ್‌ಫಾರ್ಮಿಂದ ಆ ಪ್ಲಾಟ್‌ಫಾರ್ಮಿಗೆ ಕಿಕ್‌ಫ್ಲಿಪ್ (ಹಾರಿದಾಗ ಕಾಲಡಿ ಬೋರ್ಡನ್ನ ಒಂದು ಸುತ್ತು ಉರುಳಿಸೋ ಟ್ರಿಕ್) ಹಾರಿದ. ಆ ವರ್ಷ ಥ್ರಾಷರ್ ಅನ್ನೋ ಸ್ಕೇಟಿಂಗ್ ಪತ್ರಿಕೆಯ 'ವರ್ಷದ ಸ್ಕೇಟರ್' ಅವನೇ. ಈ ಜನರಲ್ಲಿ ಎಷ್ಟೋ ಮಂದಿಗೆ ಒಲಿಂಪಿಕ್ಸ್‌ಗಿಂತ ಆ ಬಿರುದೇ ದೊಡ್ಡದು.

[ದೃಶ್ಯ: ಫಿಲಡೆಲ್ಫಿಯಾ ನಕ್ಷೆ]

ಈಗ ನನ್ನ ಇಷ್ಟದ ಕಥೆ. ಫಿಲಡೆಲ್ಫಿಯಾದ ಲವ್ ಪಾರ್ಕ್. ಉದ್ದುದ್ದ ಗ್ರಾನೈಟ್ ಕಟ್ಟೆಗಳು, ಲೋಕದ ಸ್ಕೇಟರ್‌ಗಳಿಗೆಲ್ಲ ತೀರ್ಥಕ್ಷೇತ್ರ. ನಗರದವರು ಎಕ್ಸ್ ಗೇಮ್ಸ್ ಅನ್ನೋ ಸಾಹಸ ಕ್ರೀಡಾಕೂಟ ಕರೆಸಿ ಸ್ಕೇಟಿಂಗಿಂದ ಹೆಸರು ಮಾಡಿಕೊಂಡರು, ಆದರೆ 2002ರಲ್ಲಿ ಈ ಪಾರ್ಕಲ್ಲೇ ಸ್ಕೇಟಿಂಗ್ ಬಂದ್! ಆಗ ಬಂದರು ಎಡ್ಮಂಡ್ ಬೇಕನ್. ಆ ಪಾರ್ಕಿನ ಕಲ್ಪನೆಯೇ ಇವರದು, ನಗರ ಯೋಜನೆಯ ದೊಡ್ಡ ಹೆಸರು. ವಯಸ್ಸು 92. ತಲೆಗೆ ಹೆಲ್ಮೆಟ್, ಅಕ್ಕಪಕ್ಕ ಹಿಡ್ಕೊಳ್ಳೋಕೆ ಜನ. ಎಲ್ಲರೆದುರು ಬೋರ್ಡ್ ಹತ್ತಿ ಉರುಳಿಯೇಬಿಟ್ಟರು! ನಮ್ಮಲ್ಲಿ ಪಾರ್ಕ್ ಕಟ್ಟಿಸಿದವರು ಕಲ್ಲಿನ ಮೇಲೆ ಹೆಸರು ಕೆತ್ತಿಸ್ಕೊಂಡು ಹೋಗ್ತಾರೆ. ಈ ಅಜ್ಜ ಆ ವಯಸ್ಸಲ್ಲಿ ಹುಡುಗರ ಪರ ನಿಯಮ ಮುರಿದರು. ನಿಷೇಧ ತೆಗೆದರಾ? ಇಲ್ಲ ಬಿಡಿ. 2016ರಲ್ಲಿ ಪಾರ್ಕನ್ನೇ ಒಡೆದು ಬೇರೆ ಮಾಡಿದರು. ಆದರೆ ಸ್ಕೇಟರ್‌ಗಳು ಒಂದಷ್ಟು ಗ್ರಾನೈಟ್ ಉಳಿಸ್ಕೊಂಡರು, ಅದರಲ್ಲಿ ಕೆಲವು ಚಪ್ಪಡಿ ಸಮುದ್ರ ದಾಟಿ ಸ್ವೀಡನ್ನಿನ ಮಾಲ್ಮೊಗೆ ಹೋಯ್ತು. ಹಲಗೆ ಮುರಿದ್ರೆ ಇನ್ನೊಂದು ಸಿಗುತ್ತೆ, ಅಂಥ ಕಟ್ಟೆ ಸಿಗಲ್ಲ. ಹುಡುಗಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಕಲ್ಲಿನ ವಿಷಯಕ್ಕೆ ನಾವೇನು ಬಡವರಾ? ಗ್ರಾನೈಟ್ ಮಾರುಕಟ್ಟೆಯಲ್ಲಿ 'ಹಾಸನ್ ಗ್ರೀನ್' ಅಂತಲೇ ಒಂದು ಕಲ್ಲಿದೆ! ನುಣುಪಾದ ಗ್ರಾನೈಟ್ ಅಂಚಿಗೆ ಒಂಚೂರು ಮೇಣ ಸವರಿದ್ರೆ ಬೋರ್ಡ್ ಬೆಣ್ಣೆಯಂತೆ ಜಾರುತ್ತೆ. ನಮಗಿಲ್ಲದ್ದು ಕಲ್ಲಲ್ಲ, ಅದರ ಮುಂದಿನ ಸಪಾಟು ರಸ್ತೆ.

ಟೈಮ್ ಆಗ್ತಿದೆ, ಉಳಿದದ್ದು ಒಂದೇ ಉಸಿರಲ್ಲಿ. ಬೀದಿಗೆ 50ರಿಂದ 54 ಮಿ.ಮೀ. ಗಟ್ಟಿ ಚಕ್ರ ತಗೊಳ್ಳಿ. ಹೆಲ್ಮೆಟ್ ಹಾಕಿ, ಪ್ರೊಗಳು ಹಾಕಲ್ಲ ಅಂತ ವಾದ ಮಾಡಬೇಡಿ. ಚಿಕ್ಕಮಗಳೂರಿನವರೇ, ಮಳೆಗಾಲದಲ್ಲಿ ಬೋರ್ಡ್ ಒಳಗಿಡಿ, ಬೇರಿಂಗ್‌ಗೆ ತುಕ್ಕು, ಹಲಗೆ ಮೆತ್ತಗೆ.

ಕೊನೇದು. ಹಳೇಬೀಡಿನ ದೇವಸ್ಥಾನದ ಜಗತಿ (ಗುಡಿ ನಿಂತಿರೋ ಕಲ್ಲುಕಟ್ಟೆ) ನುಣುಪಾಗಿದೆ ಅಂತ ಬೋರ್ಡ್ ಎತ್ಕೊಂಡು ಹೋಗಬೇಡಿ ಮಹರಾಯ್ರೇ. ಬಳಪದ ಕಲ್ಲು, ಚಕ್ರ ಹಿಡಿದಿರೋ ಲೋಹ ತಾಗಿದ್ರೆ ಗೀರು ಗ್ಯಾರಂಟಿ. ಹೊಯ್ಸಳರ ಶಿಲ್ಪಿ ಯಾರೂ ಬೇಕನ್ ಅಜ್ಜನ ಥರ ನಿಮ್ಮ ಪರ ಎದ್ದು ಬರಲ್ಲ, ಬರೋದು ಪುರಾತತ್ವ ಇಲಾಖೆಯವರು.